ಕೈ ಎತ್ತಿದರೆ ನಿಲ್ಲುವ ಗಾಡಿ

ನನ್ನ ಬಲಗೈಯ ಬಗ್ಗೆ ಸ್ಕಾರ್ಬೆಕ್ ಊರು ಒಂದು ವರ್ಷದಿಂದ ಮಾತಾಡಿಕೊಳ್ಳುತ್ತಿದೆ. ನನ್ನ ಮಿಕ್ಕ ಭಾಗದ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದು ನಾನು ಕೇಳಿಲ್ಲ. ಯಾರ ಕಣ್ಣಿಗೂ ಬೀಳದಂತೆ ಬದುಕುವುದನ್ನು ಇಪ್ಪತ್ನಾಲ್ಕು ವರ್ಷ ಕಷ್ಟಪಟ್ಟು ಕಲಿತವಳಿಗೆ ಇದು ಸಣ್ಣ ಸೋಲಲ್ಲ.

ನಮ್ಮೂರ ರೈಲು ನಿಲ್ದಾಣಕ್ಕೆ ಹಿಂದೆ ಆರು ಪ್ಲಾಟ್‌ಫಾರಂಗಳಿದ್ದವು. ಉಣ್ಣೆಯ ಗಿರಣಿಗಳು ಓಡುತ್ತಿದ್ದ ಕಾಲ ಅದು. ಮೊದಲ ದರ್ಜೆಯವರ ಊಟದ ಮನೆಯಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆ ಇತ್ತಂತೆ. ಯಾರೋ ಡ್ಯೂಕ್ ಒಬ್ಬರು ಗಾಡಿ ಬದಲಿಸಲು ಇಲ್ಲಿ ನಲವತ್ತು ನಿಮಿಷ ಕಾದು, ಸೂಪು ಕುಡಿದು, ಚೆನ್ನಾಗಿದೆ ಎಂದಿದ್ದರಂತೆ. ಆ ಒಂದು ಬಟ್ಟಲು ಸೂಪಿನ ಮೇಲೆ ಊರು ನೂರಮೂವತ್ತು ವರ್ಷ ಜೀವನ ಮಾಡಿದೆ. ಈಗ ಊಟದ ಮನೆಯಲ್ಲಿ ಪಾರಿವಾಳಗಳಿವೆ. ಐದು ಪ್ಲಾಟ್‌ಫಾರಂಗಳ ಜಾಗದಲ್ಲಿ ಮುಳ್ಳುಪೊದೆಯೂ ಒಂದು ಅಂಗಡಿಯ ಕಾರು ನಿಲ್ಲಿಸುವ ಬಯಲೂ ಇವೆ. ಗಡಿಯಾರ ತಪ್ಪು ಗಂಟೆ ತೋರಿಸುತ್ತದೆಂದು ದೂರು ಬಂದಾಗ ಅದನ್ನು ರಿಪೇರಿ ಮಾಡುವ ಬದಲು ಮುಳ್ಳುಗಳನ್ನೇ ಕಿತ್ತುಕೊಂಡು ಹೋದರು. ಅಂದಿನಿಂದ ದೂರಿಲ್ಲ.

ಉಳಿದಿರುವುದು ಒಂದು ಪ್ಲಾಟ್‌ಫಾರಂ, ಒಂದೇ ಜೊತೆ ಹಳಿ, ಮತ್ತು ಅದರ ಮೇಲಿನ ಚಾವಣಿ. ಹನ್ನೊಂದು ಎರಕದ ಕಂಬಗಳು, ತುದಿಯಲ್ಲಿ ಕಬ್ಬಿಣದ ಗುಲಾಬಿಗಳು, ಮೇಲೆ ಬಹುಪಾಲು ಗಾಜು. ಅದರ ಕೆಳಗೆ ದಿನಕ್ಕೆ ಮೂರು ಸಲ, ಹೋದ ವರ್ಷದವರೆಗೆ ನಾಲ್ಕು ಸಲ, ಲೀಡ್ಸ್ ಕಡೆಗೆ, ನಾಲ್ಕು ಸಲ ಗ್ರಿಮ್‌ಸ್ಲೇಡ್ ಕಲ್ಲುಗಣಿಯ ಕಡೆಗೆ ಎರಡು ಡಬ್ಬಿಯ ಗಾಡಿ ಹಾದುಹೋಗುತ್ತದೆ. ಹಾದುಹೋಗುತ್ತದೆ ಅಂದೆ, ನಿಲ್ಲುತ್ತದೆ ಅನ್ನಲಿಲ್ಲ. ಹತ್ತುವವರು ಕೈ ಎತ್ತಿ ತೋರಿಸಿದರೆ ಮಾತ್ರ ನಿಲ್ಲುತ್ತದೆ, ಬಸ್ಸಿನ ಹಾಗೆ. ಹಾಗೆಂದು ಬರೆದ ಫಲಕ ಕಂಬಕ್ಕೆ ತೂಗುಹಾಕಿದೆ.

ನಾನು ಇತಿಹಾಸ ಓದಿದವಳು. ರೈಲು ನಿಲ್ದಾಣಗಳ ಮಹಿಳಾ ನಿರೀಕ್ಷಣಾ ಕೊಠಡಿಗಳ ಮೇಲೆ ತೊಂಬತ್ತು ಪುಟಗಳ ಪ್ರಬಂಧ ಬರೆದು ಪದವಿ ಪಡೆದೆ. ಅದನ್ನು ಪರೀಕ್ಷಕರು ಪೂರ್ತಿ ಓದಿದರು, ಅಮ್ಮ ಹನ್ನೆರಡನೇ ಪುಟದವರೆಗೆ ಓದಿದಳು. ಆಮೇಲೆ ಕೆಲಸ ಸಿಗದೆ ಊರಿಗೆ ಬಂದವಳು ನಿಲ್ದಾಣದ ಗೆಳೆಯರ ಬಳಗ ಸೇರಿದೆ. ಬಳಗದಲ್ಲಿ ನನ್ನನ್ನೂ ಸೇರಿಸಿ ಆರು ಜನ. ಜೆರೇನಿಯಂ ಹೂವಿನ ತೊಟ್ಟಿಗಳಿಗೆ ನೀರು ಹಾಕುವುದು, ಪಾರಿವಾಳದ ಹಿಕ್ಕೆ ಕೆರೆಯುವುದು, ಬುಧವಾರ ಕೂತು ಚಹಾ ಕುಡಿಯುವುದು ನಮ್ಮ ಕೆಲಸ. ಸಭೆಯ ನಡಾವಳಿ ಬರೆಯುವವಳು ನಾನು. ಬರೆಯುತ್ತಿರುವವರನ್ನು ಯಾರೂ ಅಭಿಪ್ರಾಯ ಕೇಳುವುದಿಲ್ಲವೆಂದು ಬೇಗನೆ ಕಂಡುಕೊಂಡಿದ್ದೆ.

ಬಳಗದ ಅಧ್ಯಕ್ಷರು ವಿಲ್ಫ್ ಹೋಲ್‌ರಾಯ್ಡ್. ಹದಿನಾರನೇ ವಯಸ್ಸಿಗೆ ಇಲ್ಲಿ ಸಾಮಾನು ಹೊರಲು ಸೇರಿದವರು, ಈಗ ಎಂಬತ್ತೊಂದು. ಈ ಚಾವಣಿಯ ಕಂಬಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಅವರೇ ಬಣ್ಣ ಬಳಿಯುತ್ತಾರೆ. ಬೇಸಿಗೆಗೆ ಒಂದೇ ಕಂಬ, ಮೊದಲು ತುಕ್ಕು ಕೆರೆದು, ಆಮೇಲೆ ಮೂರು ಸಲ. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ತುಕ್ಕು ಹಿಡಿದಿರುತ್ತದೆ. ಎರಡನೇ ಸುತ್ತಿನಲ್ಲಿ ಹತ್ತು ಮುಗಿದು, ಒಂದು ಬಾಕಿ ಇದ್ದಾಗ ರೈಲು ಕಂಪನಿಯ ಕಾಗದ ಬಂತು. ಚಾವಣಿ ಹಳೆಯದಾಗಿದೆ. ಜೂನ್ ಮೊದಲ ಮಂಗಳವಾರ ಬೆಳಿಗ್ಗೆ ನಮ್ಮ ಅಧಿಕಾರಿ ಬಂದು, ಮಧ್ಯಾಹ್ನ ಹನ್ನೆರಡರವರೆಗೆ ಗಾಡಿ ಹತ್ತುವವರನ್ನು ಎಣಿಸುತ್ತಾರೆ. ಇಪ್ಪತ್ತೈದಕ್ಕಿಂತ ಕಡಿಮೆ ಇದ್ದರೆ ಚಾವಣಿ ಬಿಚ್ಚಿ, ನಾಲ್ಕು ಜನ ನಿಲ್ಲಬಹುದಾದ ಗಾಜಿನ ಗೂಡು ಇಡಲಾಗುತ್ತದೆ.

ವಿಲ್ಫ್ ಕಾಗದವನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟರು. "ಬಣ್ಣದ ಡಬ್ಬಿ ತಂದಿಟ್ಟಿದ್ದೆ," ಅಂದರು. ಅಷ್ಟೇ.

ನಮ್ಮೂರಲ್ಲಿ ಬೆಳಿಗ್ಗೆ ಗಾಡಿ ಹತ್ತುವವರು ದಿನಕ್ಕೆ ಇಬ್ಬರು, ಒಬ್ಬರಿಗೆ ನೆಗಡಿಯಾದರೆ ಒಬ್ಬರು. ಬಳಗದ ಬ್ರೆಂಡಾ ಕ್ಲೆಗ್ ತನ್ನ ಕೂದಲು ಕತ್ತರಿಸುವ ಅಂಗಡಿಗೆ ಬಂದ ಪ್ರತಿಯೊಬ್ಬಳ ತಲೆ ತೊಳೆಯುವಾಗಲೂ, ಅಂದರೆ ಅವರು ಎದ್ದುಹೋಗಲಾರದ ಸ್ಥಿತಿಯಲ್ಲಿ, ಆ ಮಂಗಳವಾರ ಹತ್ತು ನಲವತ್ತೆರಡರ ಲೀಡ್ಸ್ ಗಾಡಿಗೆ ಬರುವುದಾಗಿ ಮಾತು ತೆಗೆದುಕೊಂಡಳು. ನಾನು ಚೀಟಿ ಹಂಚಿದೆ. ಹಂಚಿದೆ ಅಂದರೆ, ಮನೆಗಳಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಾಗಿಲ ಸಂದಿಯಲ್ಲಿ ತೂರಿಸಿ ಓಡಿದೆ.

ಆ ದಿನ ನಾನು ಒಂಬತ್ತೂವರೆಗೇ ಪ್ಲಾಟ್‌ಫಾರಂ ಮೇಲಿದ್ದೆ. ನಿಷ್ಠೆಯಿಂದಲ್ಲ. ತಡವಾಗಿ ಬಂದರೆ ಜನರ ಎದುರು ನಡೆದು ಹೋಗಬೇಕಾಗುತ್ತದಲ್ಲ, ಅದಕ್ಕೆ. ನಾನು ನಿಂತ ಮೇಲೆ ಒಬ್ಬ ಹೆಂಗಸು ಬಂದು ನನ್ನ ಹಿಂದೆ ನಿಂತಳು, ಅವಳ ಹಿಂದೆ ಗಂಡ ಹೆಂಡತಿ ಬಂದು ನಿಂತರು. ಯಾರೂ ಹೇಳಿರಲಿಲ್ಲ, ನಮ್ಮ ಜನ ಹಾಗೆ, ಇಬ್ಬರು ಸೇರಿದರೆ ಸಾಲು. ಹತ್ತೂವರೆಗೆ ಮೂವತ್ತೊಂದು ಜನ ಮಡಚಿದ ಕೊಡೆಗಳ ಸಮೇತ ನೆಟ್ಟಗೆ ನಿಂತಿದ್ದರು. ಹಿಂದೆ ಅಡಗಿಕೊಳ್ಳಲು ಬೇಗ ಬಂದ ನಾನು ಎಲ್ಲರ ಮುಂದಿದ್ದೆ.

ಕಂಪನಿಯ ಮಿಸೆಸ್ ಪೆಟಿಫರ್ ಕಾರಿನಲ್ಲಿ ಬಂದರು. ಗಾಡಿಯನ್ನು ನಂಬಿ ಬರೋಕಾಗುತ್ತಾ ಎಂದು ನಕ್ಕು, ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ನಮೂನೆ ಹರಡಿಕೊಂಡರು. ಸಾಲನ್ನು ನೋಡಿ ಅವರ ಹುಬ್ಬು ಏರಿತು. ವಿಲ್ಫ್ ಹಳೆಯ ರೈಲ್ವೆ ಟೋಪಿ ಹಾಕಿಕೊಂಡು ಹನ್ನೊಂದನೇ ಕಂಬದ ಪಕ್ಕ ನಿಂತಿದ್ದರು.

ಆಮೇಲೆ ಆದದ್ದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಒಂದು ನಿಯಮ ಗೊತ್ತಿರಬೇಕು. ಬಸ್ಸಿಗಾದರೂ ಸರಿ, ಗಾಡಿಗಾದರೂ ಸರಿ, ಕೈ ಎತ್ತುವ ಹಕ್ಕು ಸಾಲಿನ ಮೊದಲನೆಯವರದು. ಹಿಂದಿನವರು ಎತ್ತಿದರೆ ಅದು ಸಾಲು ಮುರಿದ ಹಾಗೆ. ಸಾಲು ಮುರಿದವರನ್ನು ನಮ್ಮೂರು ಕ್ಷಮಿಸುತ್ತದೆ, ಆದರೆ ಮೊಮ್ಮಕ್ಕಳ ಕಾಲಕ್ಕೆ.

ತಿರುವಿನಲ್ಲಿ ಗಾಡಿ ಕಾಣಿಸಿತು. ನಾನು ಕೈ ಎತ್ತಬೇಕು. ಮೂವತ್ತು ಜನ ನನ್ನ ಬೆನ್ನು ನೋಡುತ್ತಿದ್ದಾರೆ. ಕೈ ಎಷ್ಟು ಎತ್ತರಕ್ಕೆ ಎತ್ತಬೇಕು? ಬೆರಳು ಬಿಡಿಸಿರಬೇಕೋ ಮುಚ್ಚಿರಬೇಕೋ? ಇಷ್ಟು ದೊಡ್ಡ ಗುಂಪನ್ನು ಕಂಡರೆ ಚಾಲಕ ತಾನೇ ನಿಲ್ಲಿಸುವುದಿಲ್ಲವೇ, ಆಗ ಕೈ ಎತ್ತಿದವಳು ಪೆದ್ದಿಯಾಗುವುದಿಲ್ಲವೇ? ಇಷ್ಟು ಯೋಚಿಸುವಷ್ಟರಲ್ಲಿ ಕೈ ಸೊಂಟದವರೆಗೆ ಏರಿತ್ತು. ಅಲ್ಲಿ ಅದಕ್ಕೆ ನಾಚಿಕೆಯಾಯಿತು. ಬರಿಗೈಲಿ ಇಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಹಾಗೇ ಮೇಲೆ ಒಯ್ದು ಕಿವಿ ತುರಿಸಿಕೊಂಡೆ.

ಚಾಲಕನಿಗೆ ನಮ್ಮ ನಿಲ್ದಾಣದಲ್ಲಿ ಗುಂಪು ಕಂಡರೆ ಒಂದೇ ಅರ್ಥ: ಹಳೆಯ ಚಾವಣಿಯ ಕೆಳಗೆ ಗಾಡಿಯ ಚಿತ್ರ ತೆಗೆಯಲು ಬಂದವರು. ಅಂಥವರು ಎಂದೂ ಹತ್ತುವುದಿಲ್ಲ. ಪಾಪ, ಒಳ್ಳೆಯ ಮನುಷ್ಯ, ಚಿತ್ರ ಚೆನ್ನಾಗಿ ಬರಲೆಂದು ವೇಗ ತಗ್ಗಿಸಿದ. ನಮ್ಮತ್ತ ಕೈ ಬೀಸಿದ. ಸಾಲಿನಲ್ಲಿ ಅನೇಕರು ನಗುತ್ತಾ ಕತ್ತು ಬಾಗಿಸಿದರು. ಎರಡು ಸಲ ಕೂಗು ಹಾಕಿ ಗಾಡಿ ಲೀಡ್ಸ್ ಕಡೆ ಹೊರಟುಹೋಯಿತು.

 ನನ್ನ ಹಿಂದಿನ ಹೆಂಗಸು, ತಪ್ಪು ತನ್ನದೇ ಎಂಬಂತೆ, ಸಾರಿ ಅಂದಳು. ಅವಳ ಹಿಂದಿನವರೂ ಸಾರಿ ಅಂದರು. ಕ್ಷಮೆ ಹಾಗೇ ಸಾಲಿನ ಕೊನೆಯವರೆಗೂ ಹೋಯಿತು. ಮಿಸೆಸ್ ಪೆಟಿಫರ್ ನಮೂನೆಯಲ್ಲಿ ಸೊನ್ನೆ ಬರೆದರು.

ಬ್ರೆಂಡಾ ಸಾಲಿನ ನಡುವಿನಿಂದಲೇ, ಜಾಗ ಬಿಡದೆ, ಕೇಳಿದಳು. "ಕಿವಿ ತುರಿಕೆ ನಿಂತಿತಾ ಚಿನ್ನ?"

ನನಗೆ ಅಡಗಲು ಹಳಿಯ ಕೆಳಗೆ ಜಾಗ ಸಿಕ್ಕಿದ್ದರೆ ಸಾಕಿತ್ತು. ಆದರೂ ನನಗಿಂತ ಸುಲಭವಾಗಿ ಕೈ ಎತ್ತಬಹುದಾಗಿದ್ದವರು ಒಬ್ಬರಿದ್ದರು. ಸಾಲಿನ ಹೊರಗಿದ್ದವರು, ಟೋಪಿ ಹಾಕಿಕೊಂಡಿದ್ದವರು. ಬ್ರೆಂಡಾಗೂ ಅದು ಹೊಳೆಯಿತು.

"ನೀನ್ಯಾಕೆ ಎತ್ತಲಿಲ್ಲ ವಿಲ್ಫ್? ಕೈ ಬಿದ್ದುಹೋಗಿತ್ತಾ?"

ವಿಲ್ಫ್ ಹಳಿಯ ಕಡೆ ನೋಡುತ್ತಾ ಹೇಳಿದರು. "ನಾನು ಸಾಮಾನು ಏರಿಸಿ ಬಾಗಿಲು ಹಾಕೋವರೆಗೆ ಗಾಡಿ ಇಲ್ಲಿಂದ ಅಲ್ಲಾಡ್ತಿರಲಿಲ್ಲ ಬ್ರೆಂಡಾ. ನಮ್ಮನ್ನ ಕೇಳಿ ಹೊರಡ್ತಿತ್ತು. ಈಗ ದಾರೀಲಿ ನಿಂತು ನಿಲ್ಲಪ್ಪಾ ಅಂತ ಬೇಡ್ಕೊಳ್ಳೋದು ನನ್ನಿಂದ ಆಗಲ್ಲ."

"ಹಾಗಾದ್ರೆ ಗಾಜಿನ ಗೂಡಲ್ಲಿ ನಿಂತ್ಕೋ," ಅಂದಳು ಬ್ರೆಂಡಾ. ವಿಲ್ಫ್ ಬಣ್ಣವಿಲ್ಲದ ಹನ್ನೊಂದನೇ ಕಂಬದ ಮೇಲೆ ಅಂಗೈ ಇಟ್ಟರು. ಆ ಅಂಗೈ ನೋಡಿದೆ. ನೋಡಬಾರದಿತ್ತು.

ಹನ್ನೆರಡರೊಳಗೆ ಇನ್ನು ಬರುವುದು ಹನ್ನೊಂದು ಇಪ್ಪತ್ತರ ಗಾಡಿ ಒಂದೇ. ಅದು ಎದುರು ದಿಕ್ಕಿನದು, ಗ್ರಿಮ್‌ಸ್ಲೇಡ್ ಕಡೆಗೆ ಹೋಗುವುದು. ಅಲ್ಲಿ ಕಲ್ಲುಗಣಿ ಬಿಟ್ಟರೆ ಇರುವುದು ಕಲ್ಲು. ನಾನು ಮಿಸೆಸ್ ಪೆಟಿಫರ್ ಹತ್ತಿರ ಹೋಗಿ, ಯಾವ ಕಡೆ ಹೋಗುವ ಗಾಡಿ ಹತ್ತಿದರೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು, ಮೊದಲ ಸಲ ಧ್ವನಿ ಹೊರಗೆ ಬರಲಿಲ್ಲ.

"ಹತ್ತೋರನ್ನ ಎಣಿಸಿ ಅಂದಿದಾರೆ," ಅಂದರು ಅವರು. "ಎಲ್ಲಿಗೆ, ಯಾಕೆ ಅಂತ ಕೇಳೋಕೆ ನನ್ನ ನಮೂನೇಲಿ ಜಾಗಾನೇ ಇಲ್ಲ."

ತಿರುಗಿ ಸಾಲಿನ ಮುಂದೆ ಬಂದು ನಿಂತು ಜನರಿಗೆ ಹೇಳಿದೆ: ಗ್ರಿಮ್‌ಸ್ಲೇಡ್‌ಗೆ ಹೋಗೋಣ. ವಾಪಸು ಗಾಡಿ ಮೂರು ಗಂಟೆ ಬಿಟ್ಟು ಬರುತ್ತೆ. ತೊಂದರೆ ಕೊಡುತ್ತಿರುವುದಕ್ಕೆ ಸಾರಿ. ಇದು ನನ್ನ ಜೀವನದ ಅತಿ ಉದ್ದದ ಭಾಷಣ. ಲೀಡ್ಸ್‌ನಲ್ಲಿ ಪರದೆ ಬಟ್ಟೆ ಕೊಳ್ಳಲು, ಡಾಕ್ಟರಿಗೆ ಹಲ್ಲು ತೋರಿಸಲು, ತಂಗಿಯ ಜೊತೆ ಊಟ ಮಾಡಲು ಹೊರಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡವೆಂದು ಹೇಳುವುದು ಅಸಭ್ಯತೆಯಾದ್ದರಿಂದ ಯಾರೂ ಹೇಳಲಿಲ್ಲ. ಹವಾ ಚೆನ್ನಾಗಿದೆಯಲ್ಲ ಎಂದರು ಒಬ್ಬರು.

ಈ ಸಲ ತಪ್ಪಬಾರದೆಂದು ಹನ್ನೊಂದು ಹದಿನೈದಕ್ಕೇ ಕೈ ಎತ್ತಿದೆ. ಗಾಡಿ ಇನ್ನೂ ಮೈಲಿ ದೂರದಲ್ಲೆಲ್ಲೋ ಇತ್ತು. ಒಮ್ಮೆ ಎತ್ತಿದ ಮೇಲೆ ಇಳಿಸಲು ಧೈರ್ಯವಾಗಲಿಲ್ಲ. ಇಳಿಸಿದರೆ ಮತ್ತೆ ಎತ್ತಲು ನನ್ನಿಂದ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಒಂದು ನಿಮಿಷ ಕಳೆಯಿತು. ಎರಡಾಯಿತು. ಪಾರಿವಾಳವೊಂದು ಬಂದು ನನ್ನನ್ನು ಪರಿಶೀಲಿಸಿತು. ಕೈ ನಡುಗಿ ಕಿವಿಯ ಮಟ್ಟಕ್ಕೆ ಬರತೊಡಗಿತು. ಕಿವಿಯ ಹತ್ತಿರ ಹೋದರೆ ಏನಾಗುತ್ತದೆಂದು ಇಡೀ ಸಾಲಿಗೆ ಗೊತ್ತಿತ್ತು.

ಆಗ ಹನ್ನೊಂದನೇ ಕಂಬದ ಕಡೆಯಿಂದ ಬೂಟಿನ ಸದ್ದಾಯಿತು. ವಿಲ್ಫ್ ಬಂದು ನನ್ನ ಪಕ್ಕ ನಿಂತು, ಗಂಟುಬಿದ್ದ ಬೆರಳುಗಳಿಂದ ನನ್ನ ಮೊಣಕೈಯನ್ನು ಕೆಳಗಿನಿಂದ ಹಿಡಿದು ಮೇಲೆತ್ತಿದರು.

"ನಾನು ಕೈ ಎತ್ತೋದಿಲ್ಲ," ಅಂದರು ಮೆಲ್ಲಗೆ. "ನಿನ್ನ ಮೊಣಕೈ ಮಾತ್ರ ಹಿಡ್ಕೊಂಡಿರ್ತೀನಿ. ಸಾಮಾನು ಎತ್ತೋದು ನನಗೆ ಅಭ್ಯಾಸ ಇದೆ ಚಿನ್ನ."

ಗಾಡಿ ಲೀಡ್ಸ್ ಕಡೆಯ ತಿರುವು ದಾಟಿ ಬಂದು, ನಿಧಾನವಾಗಿ, ನಿಂತಿತು. ಮೂವತ್ತೊಂದು ಜನ ಒಬ್ಬೊಬ್ಬರಾಗಿ ಹತ್ತಿದೆವು, ನೀವು ಮೊದಲು ಎಂದು ಬಾಗಿಲಲ್ಲಿ ಉಪಚಾರ ಮಾಡಿಕೊಳ್ಳುತ್ತಾ ಗಾಡಿಯನ್ನು ಆರು ನಿಮಿಷ ತಡಮಾಡಿದೆವು. ವಿಲ್ಫ್ ಹತ್ತಲಿಲ್ಲ. ಕೊನೆಯವರು ಹತ್ತಿದ ಮೇಲೆ, ಯಾರೂ ಹೇಳದಿದ್ದರೂ, ಬಾಗಿಲ ಪಕ್ಕ ನಿಂತು ಗಾರ್ಡ್‌ನತ್ತ ತಲೆಯಾಡಿಸಿದರು. ಆಮೇಲೆ ಗಾಡಿ ಹೊರಟಿತು. ಗಾರ್ಡ್ ನಮ್ಮ ಮೂವತ್ತೊಂದು ಲೀಡ್ಸ್ ಟಿಕೆಟ್‌ಗಳನ್ನು ನೋಡಿ, ಗಾಡಿ ಹೋಗುತ್ತಿರುವ ದಿಕ್ಕನ್ನು ನೋಡಿ, ನಿಟ್ಟುಸಿರುಬಿಟ್ಟು ಮುಂದೆ ಹೋದ. ಗ್ರಿಮ್‌ಸ್ಲೇಡ್‌ನಲ್ಲಿ ಮೂರು ಗಂಟೆ ಕಲ್ಲು ನೋಡಿದೆವು. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಬಲ ಭುಜ ನೋವು.

ಆರು ವಾರದ ಮೇಲೆ ಕಾಗದ ಬಂತು. ಗ್ರಿಮ್‌ಸ್ಲೇಡ್ ಕಡೆಗೆ ಜನರ ಬೇಡಿಕೆ ಗಣನೀಯವಾಗಿ ಕಂಡುಬಂದಿದೆ. ಆದ್ದರಿಂದ ಚಾವಣಿಯನ್ನು ಸದ್ಯಕ್ಕೆ ಉಳಿಸಿಕೊಳ್ಳಲಾಗಿದೆ. ಇದೇ ಬೇಡಿಕೆ ಮುಂದುವರಿದಿದೆಯೇ ಎಂದು ಪ್ರತಿ ಮಂಗಳವಾರ ಹನ್ನೊಂದು ಇಪ್ಪತ್ತರ ಗಾಡಿಯ ಗಾರ್ಡ್ ಎಣಿಸುತ್ತಾರೆ. ಲೀಡ್ಸ್ ಕಡೆಗೆ ಯಾರೂ ಹತ್ತದಿರುವುದನ್ನು ಗಮನಿಸಿ, ಆ ಕಡೆಯ ಹತ್ತು ನಲವತ್ತೆರಡರ ಗಾಡಿಯನ್ನು ರದ್ದು ಮಾಡಲಾಗಿದೆ.

ಹೀಗಾಗಿ ಸ್ಕಾರ್ಬೆಕ್‌ನ ಜನ ಈಗ ಮಂಗಳವಾರ ಸರದಿಯ ಮೇಲೆ ಕಲ್ಲುಗಣಿಗೆ ಹೋಗುತ್ತಾರೆ. ಹ್ಯಾಮ್ ಸ್ಯಾಂಡ್‌ವಿಚ್ ಮತ್ತು ಚಹಾದ ಫ್ಲಾಸ್ಕ್ ಜೊತೆಗಿರುತ್ತದೆ. ಬ್ರೆಂಡಾ ಇದನ್ನು ನನ್ನ ಪ್ರವಾಸೋದ್ಯಮ ಅನ್ನುತ್ತಾಳೆ. ಹನ್ನೊಂದನೇ ಕಂಬಕ್ಕೆ ಮೂರು ಸಲ ಬಣ್ಣ ಬಿತ್ತು. ವಿಲ್ಫ್ ಈಗ ಮತ್ತೆ ಮೊದಲನೆಯದರ ತುಕ್ಕು ಕೆರೆಯುತ್ತಿದ್ದಾರೆ.

ಸಾಲಿನ ಮೊದಲ ಜಾಗವನ್ನು ಊರು ನನಗೇ ಬಿಟ್ಟಿದೆ. ಗಾಡಿ ತಿರುವಿನಲ್ಲಿ ಕಂಡೊಡನೆ ಕೈ ಎತ್ತುತ್ತೇನೆ, ಈಗ ಅದು ತಾನಾಗಿಯೇ ಏರುತ್ತದೆ, ನಡುಗುವುದೂ ಇಲ್ಲ. ಆದರೂ ಪ್ರತಿ ಮಂಗಳವಾರ ವಿಲ್ಫ್ ಕೆರೆಯುವ ಉಜ್ಜುಕಾಗದ ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು ಬಂದು ನನ್ನ ಮೊಣಕೈ ಹಿಡಿಯುತ್ತಾರೆ. ಅದರ ಅಗತ್ಯ ಇನ್ನಿಲ್ಲವೆಂದು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಲು ಸಂಕೋಚ.