ಮೊಳೆಗೆ ಕಟ್ಟಿದ ತಂತಿ

ಸಾತಲಿಂಗಪ್ಪನ ಕುತ್ತಿಗೆ ನಿಲ್ಲಲೊಲ್ಲದು. ಗೋಡೆಗೆ ಆನಿಸಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಹಣೆ ತುಂಬ ವಿಭೂತಿ ಬಳಿದರೂ ತಲೆ ಮಾತ್ರ ಮತ್ತೆ ಮತ್ತೆ ಎದೆಯ ಮೇಲೆ ವಾಲುತ್ತಿತ್ತು. ಮಂದ್ರೂಪದಿಂದ ಮೊದಲ ಬಸ್ಸಿಗೆ ಬಂದಿದ್ದ ತಮ್ಮ ಕಲ್ಯಾಣಪ್ಪ ಅಣ್ಣನ ಅಂಗಡಿಯದೇ ಒಂದು ಹೊಸ ಟವೆಲ್ ಹರಿದು ಅವನ ಗದ್ದಕ್ಕೆ ಸುತ್ತಿದ. ಕಟ್ಟಲು ಆ ಗೋಡೆಯಲ್ಲಿದ್ದದ್ದು ಒಂದೇ ಮೊಳೆ. ಕಿಟಕಿಯಾಚೆಯ ಬೇವಿನ ಮರದಿಂದ ಇಳಿದು ಬಂದ ರೇಡಿಯೋದ ಏರಿಯಲ್ ತಂತಿ ಅದಕ್ಕೆ ಸುತ್ತಿಕೊಂಡಿತ್ತು. ಕಲ್ಯಾಣಪ್ಪ ಅದನ್ನು ಬಿಚ್ಚಿ ಕಿಟಕಿಯಿಂದ ಹೊರಗೆ ಒಗೆದು, ಟವೆಲ್ಲನ್ನು ಮೊಳೆಗೆ ಬಿಗಿದ. ತಲೆ ನೆಟ್ಟಗೆ ನಿಂತಿತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಗಿರಿಜಾಬಾಯಿ ಅಲ್ಲಿಯವರೆಗೂ ಅತ್ತಿರಲಿಲ್ಲ. ತಂತಿ ಹೊರಗೆ ಬಿದ್ದದ್ದನ್ನು ಕಂಡು ಸಣ್ಣಗೆ ನರಳಿದಳು. ಪಾಪ, ಈಗ ದುಃಖ ಒಡೆಯಿತು ಎಂದು ಸುತ್ತಲಿನ ಹೆಂಗಸರು ಕಣ್ಣೊರೆಸಿಕೊಂಡರು. ಅವಳು ನೋಡಿದ್ದು ಎದುರು ಗೋಡೆಯ ಗಡಿಯಾರವನ್ನು. ಒಂಬತ್ತಾಗಿತ್ತು. ಒಂಬತ್ತೂವರೆಗೆ ಲಂಡನ್ ರೇಡಿಯೋದ ಇಂಗ್ಲಿಷ್ ವಾರ್ತೆ, ಅದರ ಕೊನೆಗೆ ಆಟದ ಸುದ್ದಿ. ಮಧ್ಯಾಹ್ನಕ್ಕೆ ಗಂಡನನ್ನು ಎತ್ತುತ್ತಾರೆ. ಅಷ್ಟರೊಳಗೆ ನಿನ್ನೆಯ ರಗ್ಬಿ ಟೆಸ್ಟಿನಲ್ಲಿ ಗೆದ್ದವರು ಯಾರೆಂದು ತಿಳಿದು ಅವನ ಕಿವಿಗೆ ಹಾಕಬೇಕು. ಅವಳಿಗೆ ಇದ್ದದ್ದು ಅದೊಂದೇ ಚಿಂತೆ.

ನ್ಯೂಝಿಲಂಡಿನವರು ವೇಲ್ಸಿಗೆ ಹೋಗಿ ಆಡುವ ಈ ಪಂದ್ಯಕ್ಕಾಗಿ ಸಾತಲಿಂಗಪ್ಪ ಬೇಸಿಗೆಯಿಂದ ಕಾದಿದ್ದ. ನಿನ್ನೆ, ಶನಿವಾರ ಮುಂಜಾನೆ ರೇಡಿಯೋದ ಸೆಲ್ಲುಗಳನ್ನು ಕಿಟಕಿಕಟ್ಟೆಯ ಬಿಸಿಲಿಗೆ ಇಟ್ಟು ಕಾಯಿಸಿದ. ಕಾದ ಸೆಲ್ಲಿಗೆ ಇನ್ನೊಂದು ದಿನದ ಜೀವ ಬರುತ್ತದೆ ಎಂಬುದು ಅವನ ಲೆಕ್ಕ. ಸಂಜೆ ಅವನ್ನು ಒಳಗೆ ಹಾಕಿ, ಲಂಡನ್ನಿಗೆ ಮುಳ್ಳು ಸರಿಮಾಡಿ, ಚಹಾ ಕೇಳಿದ. ಅವಳು ಚಹಾ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಟಕ್ಕೆ ಇನ್ನೂ ಎರಡು ತಾಸಿತ್ತು. ಎರಡೇ ತಾಸು ತಡೆಯಬಾರದಿತ್ತೇ ಎಂದು ಅವಳಿಗೆ ಗಂಡನ ಮೇಲೆ ಸಿಟ್ಟು ಬಂದಿತ್ತು.

*

ಮದುವೆಯಾದ ಹೊಸತರಲ್ಲಿ ಗಿರಿಜಾಬಾಯಿ ರೇಡಿಯೋವನ್ನು ಸವತಿ ಎಂದೇ ಕರೆಯುತ್ತಿದ್ದಳು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತೆ, ಸೊಲ್ಲಾಪುರಕ್ಕೆ ಸೊಲ್ಲಾಪುರವೇ ಕ್ರಿಕೆಟ್ ಹಿಂದೆ ಬಿದ್ದಾಗ ಇವನೊಬ್ಬ ರಗ್ಬಿ ಹಿಡಿದು ಕೂತಿದ್ದ. ದೊಡ್ಡ ಯುದ್ಧದಲ್ಲಿ ಅವನು ಇಟಲಿಗೆ ಹೋಗಿದ್ದು ಬಂದೂಕು ಹಿಡಿಯಲಿಕ್ಕಲ್ಲ, ಪಲಟಣಿನ ಉಗ್ರಾಣದಲ್ಲಿ ಕಂಬಳಿ ಟವೆಲ್ ಹಂಚಲಿಕ್ಕೆ. ಅಲ್ಲಿ ನ್ಯೂಝಿಲಂಡಿನ ಸಿಪಾಯಿಗಳು ಕೆಸರಿನಲ್ಲಿ ಬಿದ್ದೆದ್ದು ಆಡುವಾಗ ಇವನು ಅಂಚಿನಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದ. ಡಂಕನ್ ರೀಡ್ ಎಂಬ ಉದ್ದ ಕಾಲಿನ ಹುಡುಗ ಮುಖ ಒರೆಸಿಕೊಳ್ಳುತ್ತ, ಯುದ್ಧ ಮುಗಿದ ಮೇಲೆ ದೇಶಕ್ಕಾಗಿ ಟೆಸ್ಟ್ ಆಡುತ್ತೇನೆ, ನನ್ನ ಹೆಸರು ರೇಡಿಯೋದಲ್ಲಿ ಬರುತ್ತದೆ, ಕೇಳು ಎಂದಿದ್ದನಂತೆ. ಕೇಳುತ್ತೇನೆ ಎಂದು ಇವನು ಮಾತು ಕೊಟ್ಟ.

ಊರಿಗೆ ಬಂದು ಚಾಟಿ ಗಲ್ಲಿಯಲ್ಲಿ ಟವೆಲ್ಲಿನ ಅಂಗಡಿ ಹಾಕಿದ. ಆ ಹೆಸರು ಮಾತ್ರ ಬರಲಿಲ್ಲ. ಅದನ್ನು ಕಾಯುತ್ತ ಕಾಯುತ್ತ ಉಳಿದವರ ಹೆಸರೆಲ್ಲ ಬಾಯಿಪಾಠವಾದವು. ಮುಂಬಯಿಯಿಂದ ಬರುವ ರದ್ದಿ ಪತ್ರಿಕೆಗಳಲ್ಲಿ ಹುಡುಕಿ ಹುಡುಕಿ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟದಂತೆ ದಪ್ಪ ವಹಿಯಲ್ಲಿ ಬರೆದಿಟ್ಟ: ಮೊದಲ ಟೆಸ್ಟ್ ಯಾವಾಗ, ಕೊನೆಯದು ಯಾವಾಗ, ಯಾರ ಮೊಣಕಾಲು ಯಾವ ವರ್ಷ ಕೈಕೊಟ್ಟಿತು. ಮೊದಲ ಪುಟದಲ್ಲಿ ಡಂಕನ್ ರೀಡ್ ಎಂದಷ್ಟೇ ಇತ್ತು, ಕೆಳಗೆಲ್ಲ ಖಾಲಿ. ಮಕ್ಕಳಿಲ್ಲದ ಮನೆಯಲ್ಲಿ ಮಾತಾಡಲು ಬೇರೆ ಯಾರಿದ್ದಾರೆ? ಒಂದು ಸಲ ರಗ್ಬಿ ಚೆಂಡಿನಂಥ ಉದ್ದನೆಯ ಕರಬೂಜ ಹಿಡಿದು ಅವಳಿಗೆ ಆಟ ತಿಳಿಸಿಕೊಟ್ಟ. ಓಡುವುದು ಮುಂದಕ್ಕೆ, ಚೆಂಡು ಕೊಡುವುದು ಮಾತ್ರ ಹಿಂದೆ ಬರುವವನ ಕೈಗೆ. ಇದೆಂಥ ತಿರುಗಾಮುರುಗಾ ಆಟ ಎಂದು ಅವಳು ನಕ್ಕಿದ್ದಳು.

ಆಮೇಲೊಂದು ವರ್ಷ ಅವಳು ಕೇಳಿಯೇ ಬಿಟ್ಟಳು, ಆ ಡಂಕನ್ನನಿಗೂ ಈಗ ನಲವತ್ತು ದಾಟಿರಬೇಕು, ಇನ್ನೇನು ಆಡುತ್ತಾನೆ ಎಂದು.

"ಅಂವಾ ಇನ್ನ ಆಡೂದಿಲ್ಲ, ಗೊತ್ತೈತಿ," ಎಂದ ಸಾತಲಿಂಗಪ್ಪ. "ಆದ್ರ ಅವನೂ ಎಲ್ಲೋ ಕುಂತು ಇದನ್ನ ಕೇಳತಿರಬೇಕು. ಕೇಳೂದ್ರಾಗರ ಜೋಡಿ ಆದೀವಲ್ಲ."

ಅವನ ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ಅವಳು. ಇಷ್ಟು ವರ್ಷ ಅರ್ಥವಾಗದ ಇಂಗ್ಲಿಷನ್ನು ಕೇಳಿ ಆಕಳಿಸಿದವಳು ಅವಳು. ಜೋಡಿ ಮಾತ್ರ ಯಾವುದೋ ಸಮುದ್ರದಾಚೆಯವನು! ಅವತ್ತು ಗಿರಿಜಾಬಾಯಿಗೆ ತನ್ನಷ್ಟು ಒಂಟಿ ಯಾರೂ ಇಲ್ಲ ಅನ್ನಿಸಿತು. ಆದರೂ ಮರುದಿನವೂ ಹೋಗಿ ಪಕ್ಕದಲ್ಲೇ ಕೂತಳು.

*

ಒಂಬತ್ತೂ ಕಾಲಾಯಿತು. ಭಜನೆಯವರು ತಾಳ ಹಿಡಿದು ಜೋರಾಗಿ ಹಾಡುತ್ತಿದ್ದರು. ಗಿರಿಜಾಬಾಯಿ ಎದ್ದಳು. ಹೆಣದ ಬಳಿಯಿಂದ ಹೆಂಡತಿ ಏಳಬಾರದು. ನೆರೆಮನೆಯ ಮುಕ್ತಾಬಾಯಿ ಸೆರಗು ಹಿಡಿದಳು. ಹಿತ್ತಲಿಗೆ ಹೋಗಿ ಬರುತ್ತೇನೆ ಎಂದಾಗ ಬಿಟ್ಟಳು. ರೇಡಿಯೋವನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಬೇವಿನ ಕೆಳಗೆ ತಂತಿ ಕೆಸರಿನಲ್ಲಿ ಬಿದ್ದಿತ್ತು. ಸೆರಗಿನಿಂದ ಒರೆಸಿ ರೇಡಿಯೋಕ್ಕೆ ಸಿಕ್ಕಿಸಿದಳು. ಬರೀ ಗೊರಗೊರ. ಮುಳ್ಳನ್ನು ಅವಳು ಮುಟ್ಟಲಿಲ್ಲ, ಅದು ಅವನು ಇಟ್ಟ ಜಾಗದಲ್ಲೇ ಇತ್ತು. ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ಕಲ್ಯಾಣಪ್ಪ ನಿಂತಿದ್ದ.

"ವೈನಿ, ಏನ ಮಾಡಾಕತ್ತೀರಿ ಇದು? ಅಣ್ಣ ಒಳಗ ಕುಂತಾನ. ಮಂದಿ ಏನ ಅಂದಾರು?"

"ನಿಮ್ಮ ಅಣ್ಣ ಮ್ಯಾಚ್ ಕೇಳಾಕ ಕುಂತಾವ್ರು ಹೋಗ್ಯಾರ್ರಿ. ಏನಾತು ಅಂತ ಅವರಿಗೆ ಹೇಳಬೇಕು."

"ಲಾಹೋರದ ಮ್ಯಾಚ್ ಮುಗದು ಹತ್ತ ದಿನಾ ಆತಲ್ರಿ."

ಗಿರಿಜಾಬಾಯಿ ಮೈದುನನ ಮುಖ ನೋಡಿದಳು. ಒಂದೇ ತಾಯಿಯ ಹಾಲು ಕುಡಿದ ತಮ್ಮನಿಗೂ ಅಣ್ಣ ಯಾವ ಆಟಕ್ಕೆ ಕಾಯುತ್ತಿದ್ದ ಎಂದು ಗೊತ್ತಿರಲಿಲ್ಲ. ಕ್ರಿಕೆಟ್ ಅಲ್ಲ ಎಂದು ಹೇಳಿ, ಇಟಲಿಯ ಕೆಸರಿನಿಂದ ಹಿಡಿದು ಖಾಲಿ ಪುಟದವರೆಗೆ ನಾಲ್ಕು ಮಾತಿನಲ್ಲಿ ತಿಳಿಸಿದಳು. ಕಲ್ಯಾಣಪ್ಪ ನೆಲ ನೋಡುತ್ತ ನಿಂತ. ನನಗೆ ಎಂದೂ ಹೇಳಲಿಲ್ಲ ಎಂದ.

"ನೀವ ಕೇಳಿದ್ರೇನ್ರಿ?"

ಕಲ್ಯಾಣಪ್ಪ ಬಗ್ಗಿ ತಂತಿಯ ನಡುವನ್ನು ಹಿಡಿದು, ಬೇವಿನ ಕಟ್ಟೆಯ ಮೇಲೆ ಹತ್ತಿ, ಕೈಯನ್ನು ತಲೆಯ ಮೇಲೆತ್ತಿ ನಿಂತ. ಗೊರಗೊರ ಕಡಿಮೆಯಾಗಿ ಒಂದು ತಣ್ಣನೆಯ ಗಂಡಸಿನ ದನಿ ಬಂತು. ಅವಳಿಗೆ ಆ ಭಾಷೆ ಬಾರದು. ವೇಲ್ಸ್ ಗೊತ್ತು, ನ್ಯೂಝಿಲಂಡ್ ಗೊತ್ತು. ಡಝನ್ನಿನ ಮೇಲೆ ಟವೆಲ್ ಮಾರುವ ಅಂಗಡಿಯಲ್ಲಿ ಬಾಳಿದವಳಿಗೆ ಟ್ವೆಲ್ವ್ ಗೊತ್ತು, ಕೊಸರು ಸೇರಿಸಿದರೆ ಥರ್ಟೀನ್ ಎಂಬುದೂ ಗೊತ್ತು. ವೇಲ್ಸ್ ಟ್ವೆಲ್ವ್, ಎಂದಿತು ದನಿ. ನ್ಯೂಝಿಲಂಡ್ ಥರ್ಟೀನ್.

ಆಗ ಅವಳು ಅತ್ತಳು. ಕಲ್ಯಾಣಪ್ಪ ಕೈ ಇಳಿಸಲಿಲ್ಲ.

*

ಎತ್ತುವ ಹೊತ್ತಾಯಿತು. ಹೊರಗೆ ಹೆಣ ಕೂರಿಸಿ ಒಯ್ಯುವ, ಹೂ ಕಟ್ಟಿದ ವಿಮಾನ ಸಿದ್ಧವಾಗಿತ್ತು. ಅಯ್ಯನವರು ಸತ್ತವನ ಬಲಗಿವಿಯಲ್ಲಿ ಮಂತ್ರ ಹೇಳಿ ಸರಿದು ನಿಂತರು. ಗಿರಿಜಾಬಾಯಿ ಎಡಗಡೆಗೆ ಬಗ್ಗಿದಳು.

"ಹದಿಮೂರ, ಹನ್ನೆರಡ," ಎಂದಳು. "ಒಂದ ಪಾಯಿಂಟ್. ನಿಮ್ಮಾವ್ರ ಗೆದ್ದಾರ್ರಿ."

ಏನು ಹೇಳಿದಳೆಂದು ಯಾರಿಗೂ ಕೇಳಿಸಲಿಲ್ಲ. ಗಂಡ ಹೆಂಡಿರ ಮಾತು, ಬಿಡ್ರಿ ಎಂದು ಮುಕ್ತಾಬಾಯಿ ಉಳಿದವರನ್ನು ಹಿಂದೆ ಸರಿಸಿದಳು. ಕಲ್ಯಾಣಪ್ಪ ಮೊಳೆಯಿಂದ ಟವೆಲ್ ಬಿಚ್ಚಿ, ಅಣ್ಣನ ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡ. ತಾಳದ ಸದ್ದು ಗಲ್ಲಿಯ ತಿರುವಿನವರೆಗೂ ಕೇಳಿ ನಿಂತುಹೋಯಿತು.

ಹೆಂಗಸರು ನೆಲ ತೊಳೆದು, ಅವನು ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಗಿರಿಜಾಬಾಯಿ ಕಿಟಕಿಯಿಂದ ತಂತಿಯನ್ನು ಒಳಗೆಳೆದು ಮೊಳೆಗೆ ಮೂರು ಸುತ್ತು ಸುತ್ತಿದಳು. ವಹಿಯ ಕೊನೆಗೆ ಪಂದ್ಯಗಳ ಪಟ್ಟಿಯಿದ್ದ ಪುಟ ತೆರೆದಳು. ನಿನ್ನೆಯ ತಾರೀಖಿನ ಮುಂದೆ ಅವನು ಬಿಟ್ಟಿದ್ದ ಜಾಗದಲ್ಲಿ, ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ತನ್ನ ಸೊಟ್ಟ ಅಕ್ಷರದಲ್ಲಿ ೧೩, ೧೨ ಎಂದು ಬರೆದಳು. ಅದರ ಕೆಳಗೆ ಅವನ ಕೈಯಿಂದಲೇ ಮುಂದಿನ ಟೆಸ್ಟಿನ ತಾರೀಖು ಬರೆದಿತ್ತು, ಇಪ್ಪತ್ತೈದು, ಇಂಗ್ಲಂಡ್.

ರೇಡಿಯೋದ ಬೆನ್ನು ಬಿಚ್ಚಿ ಸೆಲ್ಲುಗಳನ್ನು ಹೊರತೆಗೆದಳು. ಕಿಟಕಿಕಟ್ಟೆಯ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು. ಸೆಲ್ಲುಗಳನ್ನು ಅಲ್ಲಿ ಸಾಲಾಗಿ ಇಟ್ಟು, ನೆರಳು ಬಂದಂತೆಲ್ಲ ಮುಂದಕ್ಕೆ ಸರಿಸುತ್ತ ಕೂತಳು.