ಕಂಬದ ದೀಪದ ಸರದಿ

ಕಾಪಾ, ಕೊರ್ಯುಷ್ಕಾ ಎಂಬ ಮೀನಿನ ಹೊಟ್ಟೆಯನ್ನು ಹೆಬ್ಬೆರಳ ಉಗುರಿನಿಂದಲೇ ಸೀಳಿ, ಕರುಳು ಕಿತ್ತು ಬೋಗುಣಿಗೆ ಹಾಕುತ್ತಿದ್ದಳು. ಗೇಣುದ್ದವೂ ಇಲ್ಲದ ಈ ಮೀನಿಗೆ ಚಾಕು ಹಿಡಿದರೆ ಒನೆಗಾ ಸರೋವರದ ದಂಡೆಯವರು ನಗುತ್ತಾರೆ. ಮನೆಯೆಲ್ಲ ಹೆಚ್ಚಿದ ಸೌತೆಕಾಯಿಯ ವಾಸನೆ. ಹಸಿ ಕೊರ್ಯುಷ್ಕಾದ ವಾಸನೆಯೇ ಹಾಗೆ. ಮೊದಲೆಲ್ಲ ಅದು ಮೂಗಿಗೆ ಬಿದ್ದರೆ ಕಾಪಾಳ ಬಾಯಲ್ಲಿ ನೀರೂರುತ್ತಿತ್ತು. ಎರಡು ಚಳಿಗಾಲದಿಂದ ಏನೂ ಆಗುತ್ತಿರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಅಷ್ಟೆ.

ಒಲೆಯ ಪಕ್ಕ ಕೂತು ಉಣ್ಣೆಯ ಕಾಲುಚೀಲ ಹೊಲಿಯುತ್ತಿದ್ದ ಅಕ್ಕ ಫಾಯಿನಾ ಕಿಟಕಿಯ ಕಟ್ಟೆಯ ಮೇಲಿನ ಲಕೋಟೆಯ ಕಡೆ ಗದ್ದ ತೋರಿಸಿದಳು.

“ಲೀದಿಯಾಗೆ ಉತ್ತರ ಬರೀತೀಯೋ, ಇಲ್ಲ ಅವಳ ತಿಥಿಗೆ ಕಳಿಸ್ತೀಯೋ?”

ಬರೆಯುತ್ತೇನೆ ಎಂದಳು ಕಾಪಾ. ಹೋದ ವರ್ಷವೂ ಅದನ್ನೇ ಅಂದಿದ್ದಳು.

ಲೀದಿಯಾ ಪಕ್ಕದ ಮನೆಯವಳು. ಅವಳ ಗಂಡ ನಿಕಿಫೋರ್ ಎರಡು ಚಳಿಗಾಲದ ಹಿಂದೆ, ಹೊಳೆ ಸರೋವರ ಸೇರುವ ಬಾಯಲ್ಲಿ, ತೆಳು ಮಂಜುಗಡ್ಡೆ ಒಡೆದು ಮುಳುಗಿ ಸತ್ತ. ಕುಡಿದು ದಾರಿ ತಪ್ಪಿದ ಎಂದು ಊರು ತೀರ್ಮಾನಿಸಿತು. ಹಿಂದೆ ಅವನು ಕುಡಿಯುತ್ತಿದ್ದವನೇ. ಬಿಟ್ಟು ಹನ್ನೊಂದು ವರ್ಷವಾಗಿತ್ತು. ಲೀದಿಯಾ ಮನೆಗೆ ಬೀಗ ಹಾಕಿ ಅರ್ಖಾಂಗೆಲ್ಸ್ಕಿಗೆ ತಂಗಿಯ ಬಳಿ ಹೋದಳು. ಅಲ್ಲಿಂದ ಬರೆದ ಕಾಗದದಲ್ಲಿ ಕೇಳಿದ್ದು ಒಂದೇ: “ಅವತ್ತು ಅವರನ್ನು ಕೊನೆಗೆ ನೋಡಿದವಳು ನೀನು. ಅವರು ಕುಡಿದಿದ್ದರಾ? ನನ್ನ ಬೆನ್ನ ಹಿಂದೆ ಹನ್ನೊಂದು ವರ್ಷ ಕುಡಿಯುತ್ತಲೇ ಇದ್ದರಾ?”

ಇಲ್ಲ ಎಂದು ಬರೆಯಲು ಒಂದು ಸಾಲು ಸಾಕು. ಆದರೆ ಕುಡಿಯದವನು ದಾರಿ ಹೇಗೆ ತಪ್ಪಿದ ಎನ್ನುವುದು ಅದರ ಹಿಂದೆಯೇ ಬರುತ್ತದೆ. ಕಾಪಾಳ ಕೈ ಅಲ್ಲಿಗೆ ನಿಲ್ಲುತ್ತಿತ್ತು.

ಊಟ ಮುಗಿಸಿ ಅಕ್ಕ ತಂಗಿ ಸರೋವರದ ಮಂಜುಗಡ್ಡೆಯ ಮೇಲೆ ಮೀನು ಹಿಡಿಯಲು ಹೊರಟರು. ಮೂರು ಗಂಟೆಗೆಲ್ಲ ಕತ್ತಲು. ಕೊರ್ಯುಷ್ಕಾಕ್ಕೆ ಅದೇ ಹೊತ್ತು. ಕೊರೆದ ತೂತಿನೊಳಗೆ ದೀಪವನ್ನು ನೀರಿನ ತನಕ ಇಳಿಬಿಟ್ಟರೆ ಸಣ್ಣ ಹುಳಗಳು ಬೆಳಕಿಗೆ ಮುತ್ತುತ್ತವೆ, ಹುಳದ ಹಿಂದೆ ಮೀನು. ಗಾಳದ ಮೇಲೆ ಹಸಿರು ಹೊಳೆಯುವ ಮಣಿ, ಗಾಳಕ್ಕೆ ಅದೇ ಮೀನಿನ ಒಂದು ಚೂರು. ಇದು ಕೆಳಗಿನ ದೀಪ. ಮೇಲಿನ ದೀಪ ಬೇರೆ. ಅದು ಉದ್ದನೆಯ ಕಂಬದ ತುದಿಯಲ್ಲಿ ತೂಗುತ್ತದೆ. ದೂರ ಹೋದವರು ಅದನ್ನು ನೋಡಿಕೊಂಡೇ ವಾಪಸು ನಡೆಯುತ್ತಾರೆ. ಅದನ್ನು ಕಾಯುವ ಸರದಿಯವರು ಕೊನೆಯವನು ಬರುವ ತನಕ ಇಳಿಸುವಂತಿಲ್ಲ.

ಈ ಸಂಜೆಯ ಸರದಿ ಇವರದು. ಮುದುಕ ಯೆಫಿಮ್ ಒಬ್ಬನೇ ಇನ್ನೂ ಭೂಶಿರದ ಆಚೆ ಇದ್ದ. ಸಣ್ಣಗೆ ಹಿಮ ಉದುರತೊಡಗಿತು. ಮೀನು ಕಚ್ಚಲು ಶುರುವಾಗಿತ್ತು, ಒಂದರ ಹಿಂದೆ ಒಂದು. ಅಷ್ಟರಲ್ಲಿ ತೂತಿನ ದೀಪ ಮಂಕಾಗಿ ಆರಿಹೋಯಿತು. ಬ್ಯಾಟರಿ ಚಳಿಗೆ ಸತ್ತಿತ್ತು.

ಫಾಯಿನಾ ಕಂಬದ ಕಡೆ ನೋಡಿದಳು.

“ಅದನ್ನ ಒಂದು ಗಳಿಗೆ ಇಳಿಸೋಣ. ಆ ಮುದುಕ ಕಣ್ಣು ಮುಚ್ಕೊಂಡೂ ಬರ್ತಾನೆ.”

“ಬೇಡ ಅಕ್ಕ.”

“ಯಾಕೆ, ನಿಂಗೇನು ಮೀನು ಜಾಸ್ತಿ ಆಗಿದೆಯಾ?”

“ಅವತ್ತು ನಾನು ಇಳಿಸಿದ್ದೆ.”

ಫಾಯಿನಾಳ ಕೈಯ ದಾರ ಎಳೆಯುತ್ತಿತ್ತು, ಮೀನು ಸಿಕ್ಕಿತ್ತು. ಅವಳು ಎತ್ತಲಿಲ್ಲ.

ಕಾಪಾ ಹೇಳಿದಳು. ನಿಕಿಫೋರ್ ಹೋದ ಸಂಜೆ ಸರದಿ ಅವಳೊಬ್ಬಳದು. ಅವತ್ತೂ ಕೆಳಗಿನ ದೀಪ ಕೆಟ್ಟಿತ್ತು, ಮೀನು ಹಿಂಡುಹಿಂಡಾಗಿ ಬಂದಿತ್ತು. ಕಂಬದ ದೀಪವನ್ನು ತೂತಿಗೆ ಇಳಿಬಿಟ್ಟದ್ದು ಅರ್ಧ ಗಂಟೆ, ಹೆಚ್ಚಿಲ್ಲ. ಮತ್ತೆ ಕಂಬಕ್ಕೆ ದೀಪ ಕಟ್ಟಿ ಕೂಗಿದಳು. ನಿಕಿಫೋರ್ ಓಗೊಡಲಿಲ್ಲ. ಬೆಳಿಗ್ಗೆ ಹೊಳೆಯ ಬಾಯಲ್ಲಿ ಅವನ ಟೋಪಿ ಸಿಕ್ಕಿತು. ಯಾರೋ ಕುಡಿದಿದ್ದ ಎಂದರು. ಅವಳು ಅಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಇದನ್ನೆಲ್ಲ ಹೇಳುವಾಗ ಅಳು ಬರಬಹುದು ಅಂದುಕೊಂಡಿದ್ದಳು. ಬರಲಿಲ್ಲ. ಪಾದದ ಬೆರಳುಗಳು ಇದ್ದಾವೋ ಇಲ್ಲವೋ ಎಂದು ಒಮ್ಮೆ ಮಡಚಿ ನೋಡಿಕೊಂಡಳು.

“ಕುಡಿದಿರಲಿಲ್ವಾ ಹಾಗಾದ್ರೆ?” ಎಂದಳು ಫಾಯಿನಾ.

“ಇಲ್ಲ. ನನ್ನ ಫ್ಲಾಸ್ಕಿನ ಚಹಾ ಕುಡಿದು ಹೋದ.”

“ಊರಿಗೆ ಗೊತ್ತಾದ್ರೆ ನಿನ್ನ ಪಕ್ಕ ಯಾರೂ ತೂತು ಕೊರಿಯಲ್ಲ ಕಣೆ. ಸರದೀನೂ ಕೊಡಲ್ಲ.”

“ಗೊತ್ತು.”

ಇಬ್ಬರೂ ದೀಪ ಇಳಿಸದೆ ಕಂಬದ ಕೆಳಗೆ ಮುದುಕನಿಗಾಗಿ ಕಾದರು. ಯೆಫಿಮ್ ಬಂದವನೇ ಇವರ ಅರ್ಧವೂ ತುಂಬದ ಚೀಲ ನೋಡಿ, ಇಡೀ ಸಂಜೆ ಹರಟೆ ಹೊಡೆದಿರಾ ಎಂದು ಹಂಗಿಸಿದ. ಫಾಯಿನಾ ಚೀಲದ ಬಾಯಿ ಕಟ್ಟಿ ಕಂಬದ ದೀಪ ಇಳಿಸಿದಳು.

ಮರುದಿನ ಕಾಪಾ ಬರೆದಳು. ಅವರು ಕುಡಿದಿರಲಿಲ್ಲ ಎಂಬುದು ಮೊದಲ ಸಾಲು. ಕಂಬದ ದೀಪ ಇಳಿಸಿದವಳು ನಾನು, ಮೀನಿಗಾಗಿ, ಎಂಬುದು ಎರಡನೆಯದು. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು ಎಂಬುದು ಮೂರನೆಯದು. ಕ್ಷಮಿಸು ಎಂದು ಬರೆದು, ನೋಡಿ, ಹೊಡೆದುಹಾಕಿದಳು. ಅದನ್ನು ಕೇಳಿದರೆ ಲೀದಿಯಾಳ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗಾಗುತ್ತಿತ್ತು.

ಅಂಚೆಮನೆ ವಾರಕ್ಕೆ ಎರಡೇ ದಿನ ತೆರೆಯುವುದು. ಶುಕ್ರವಾರ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಳು. ಅಂಚೆಯ ಹೆಂಗಸು ವಿಳಾಸ ಓದಿ, ಲೀದಿಯಾ ಹೇಗಿದ್ದಾಳಂತೆ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಕಾಪಾ. ಹೆಂಗಸು ಮುದ್ರೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಹಾಕಿದಳು. ವ್ಯಾನು ಬಂದು ಚೀಲ ಎತ್ತಿಕೊಂಡು ಹೋಗುವ ತನಕ ಕಾಪಾ ಅಲ್ಲೇ ನಿಂತಿದ್ದಳು.