ಇಪ್ಪತ್ತೊಂದು ನಿಮಿಷದ ಅಡ್ಡದಾರಿ

ದೂರವೆಂಬುದನ್ನೇ ಅರಿಯದ ಸರ್ವಾಂತರ್ಯಾಮಿಯೇ, ಅಳೆದಳೆದು ಬಾಳುವ ನಮ್ಮ ಬುದ್ಧಿಗೆ ಬೆಳಕಾಗು.

ಪರದೆಯ ಮೇಲೆ ಗೆರೆ ಬಿಲ್ಲಿನಂತೆ ಬಾಗಿದೆ, ಈ ನಗರದಿಂದ ಆ ನಗರಕ್ಕೆ ಒಂಬತ್ತು ಸಾವಿರದ ಏಳುನೂರ ಮೂವತ್ತು ಕಿಲೋಮೀಟರು, ಸಮುದ್ರದ ಮೇಲೆ ಹನ್ನೊಂದು ಗಂಟೆ ಒಂದು ನಿಮಿಷ — ವಿಮಾನಗಳಿಗೆ ದಾರಿ ಲೆಕ್ಕ ಹಾಕಿಕೊಡುವ ಅವನ ಕೈಯಿಂದ ಹದಿನಾರು ವರ್ಷಗಳಲ್ಲಿ ಇಂಥ ಗೆರೆಗಳು ಎಷ್ಟು ಹೋದವೋ, ಯಾವುದೂ ಹೀಗೆ ಎದೆಯ ಮೇಲೆ ಎಳೆದಂತಿರಲಿಲ್ಲ, ಏಕೆಂದರೆ ಈ ಹನ್ನೊಂದು ಗಂಟೆ ಬಲಗಡೆಯ ಆಸನದಲ್ಲಿ ಸಹಪೈಲಟ್ ಆದ ಅವನ ಹೆಂಡತಿ, ಎಡಗಡೆಯದರಲ್ಲಿ ಗಿರಿಜಾಮೀಸೆಯ ಕ್ಯಾಪ್ಟನ್, ನಡುವೆ ಒಂದು ಮೊಳ. ಸಮುದ್ರದ ದಾರಿಯೇ ಇರಲಿ ಎಂದು ಬೆಳಿಗ್ಗೆ ಕೋರಿಕೆ ಕಳಿಸಿದವನೂ ಆ ಮೀಸೆಯೇ, ಸುತ್ತುದಾರಿ ಏಕೆ ಬೇಕಂತೆ ಮಹಾನುಭಾವನಿಗೆ, ಮೊನ್ನೆ ಊಟಕ್ಕೆ ಕುಳಿತಾಗ ಅವಳು, ನಮ್ಮ ಕ್ಯಾಪ್ಟನ್ ಎಷ್ಟು ನಗಿಸ್ತಾರೆ ಗೊತ್ತೇನ್ರೀ, ಎಂದಿದ್ದಳು, ಅವನ ಕೈಯ ತುತ್ತು ಕೈಯಲ್ಲೇ ಉಳಿದಿತ್ತು — ಬೆಟ್ಟಗಳ ಮೇಲೆ ನೇರ ಹೋದರೆ ಇಪ್ಪತ್ತೊಂದು ನಿಮಿಷ ಕಡಿಮೆ, ಅಲ್ಲಿ ಗಾಳಿ ಕುಲುಕುತ್ತದೆ, ಮುಂಚೆ ಹೋದ ಎರಡು ವಿಮಾನಗಳ ವರದಿಯಿದೆ, ನಿಯಮವೇನೂ ಅಡ್ಡಬರುವುದಿಲ್ಲ, ಕುಲುಕಾಟದಲ್ಲಿ ಯಾರು ಯಾರನ್ನು ನಗಿಸುತ್ತಾರೋ ನೋಡೋಣ, ಬೆರಳು ಒತ್ತಿಯೇಬಿಟ್ಟಿತು, ಗೆರೆ ಸಮುದ್ರದಿಂದ ಎದ್ದು ಬೆಟ್ಟಗಳ ಮೇಲೆ ಮಲಗಿತು, ಹೊಸ ದಾರಿ ಪೈಲಟ್‌ಗಳಿಗೆ ಹೋಯಿತು, ಫೋನು, ಅವಳೇ, ರೀ, ಬೆಟ್ಟದ ದಾರಿ ಕೊಟ್ಟಿದ್ದೀರಲ್ಲ, ಕೈ ತಪ್ಪಿತಾ? ಅದು ಹತ್ತಿರ, ಎಂದ. ಹತ್ತಿರ ಅಂತ ಮುನ್ನೂರು ಜನರನ್ನ ಮೊರದಲ್ಲಿ ಕೇರಿಕೊಂಡು ಹೋಗ್ಲಾ? ನಿಮ್ಮ ಕ್ಯಾಪ್ಟನ್‌ಗೆ ಸುತ್ತುದಾರಿ ಯಾಕೋ, ಎಂದ. ಅವರಿಗಲ್ಲರೀ, ಅವರ ಕೈಲಿ ಕೇಳಿಸಿದ್ದು ನಾನು, ಇವತ್ತು ಏರಿಸೋದೂ ಇಳಿಸೋದೂ ನಂದೇ, ಪರೀಕ್ಷೆ ಇದ್ದ ಹಾಗೆ, ನಿಮಗೆ ಹೇಳಿದ್ರೆ ನಿದ್ದೆಗೆಡ್ತೀರಿ ಅಂತ ಸುಮ್ನಿದ್ದೆ — ಫೋನಿನಲ್ಲಿ ಅವಳ ಹಿಂದಿನಿಂದ ಮೀಸೆಯ ದನಿ, ಮನೆಯವರಿಗೆ ನಿನ್ನ ಬೇಗ ಸಾಗಹಾಕೋ ಆತುರ ಕಣಮ್ಮಾ, ಅವಳ ನಗು, ಅಂದರೆ ಗಂಡನಿಗೆ ತಿಳಿಯದ ಸುದ್ದಿ ಮೀಸೆಗೆ ಮೊದಲೇ ತಿಳಿದಿತ್ತು, ಛೇ, ಅವಳ ಪರೀಕ್ಷೆಯನ್ನೇ ಕೆಡಿಸಹೊರಟಿದ್ದನಲ್ಲ, ಮುನ್ನೂರು ಜನರ ತಲೆಯ ಮೇಲೆ ತನ್ನ ಹೊಟ್ಟೆಕಿಚ್ಚನ್ನು ಹೊರಿಸಿದ್ದನಲ್ಲ, ಕಿವಿ ಬಿಸಿಯಾಯಿತು, ಸಮುದ್ರದ ದಾರಿಯನ್ನೇ ಮತ್ತೆ ಬರೆದ, ಸಹಿ ಹಾಕಿದ, ಹನ್ನೊಂದು ಗಂಟೆ ಒಂದು ನಿಮಿಷ, ಅಷ್ಟೂ ಅವಳೇ ಬಯಸಿ ಪಡೆದದ್ದು — ಕಿಟಕಿಯಾಚೆ ವಿಮಾನ ಓಟದ ಹಾದಿಯ ತುದಿಗೆ ಬಂದು ನಿಂತಿದೆ, ಈಗ ಅವಳು ಎಡಗೈಯಿಂದ ವೇಗದ ಹಿಡಿಗಳನ್ನು ಮುಂದಕ್ಕೆ ತಳ್ಳುತ್ತಾಳೆ, ತಳ್ಳಿ ಕೈ ತೆಗೆಯುತ್ತಾಳೆ, ನಡುವೆ ಓಟ ನಿಲ್ಲಿಸಬೇಕಾಗಿ ಬಂದೀತೆಂದು ಕ್ಯಾಪ್ಟನ್ ಅಲ್ಲಿ ತನ್ನ ಕೈ ಇಡಬೇಕು, ನಿಯಮವದು, ಅವನಿಗೆ ಬಾಯಿಪಾಠ, ಅವಳು ಬಿಟ್ಟ ಹಿಡಿ, ಇನ್ನೂ ಬೆಚ್ಚಗಿರುವ ಹಿಡಿ, ಅದರ ಮೇಲೆ ಮೀಸೆಯ ಬಲಗೈ, ಅವಳ ಬಿಸುಪಿನ ಮೇಲೆ ಆ ಕೈ, ಆ ಕೈ —

ಇದಕ್ಕೆ ಕಿವಿಗೊಟ್ಟವರ ಮನೆಯವರು ಎಷ್ಟು ದೂರ ಹೋದರೂ ಸುಖವಾಗಿ ಮರಳಲಿ. ಕಾದು ಕುಳಿತವರ ಎದೆಯ ಉರಿ ತಣ್ಣಗಾಗಲಿ.